ಸೊಪ್ಪಿನ ಮಂಕರಿ ಹಿಡಿದ ಚಾಂಪಿಯನ್

ಹೋದ ತಿಂಗಳು ಚಿಂತಾಮಣಿಯ ಕಾಲೇಜೊಂದರಿಂದ ಆಹ್ವಾನ ಪತ್ರಿಕೆ ಬಂತು. ಮಹಿಳೆ, ಕ್ರೀಡೆ ಮತ್ತು ಮಾಧ್ಯಮ ಎಂಬ ವಿಚಾರ ಸಂಕಿರಣ. ಉದ್ಘಾಟಕರು ಗಂಡಸು, ಅಧ್ಯಕ್ಷರು ಗಂಡಸು, 'ಘನ ಉಪಸ್ಥಿತಿ' ಎಂಬ ಸಾಲಿನ ಕೆಳಗೆ ಇನ್ನೊಂದಿಷ್ಟು ಗಂಡಸರು. ಕೊನೆಗೆ, ವಂದನಾರ್ಪಣೆಗಿಂತ ಒಂದು ಮೆಟ್ಟಿಲು ಮೇಲೆ, ನಾನು. ನನ್ನ ಹೆಸರಿನ ಕೆಳಗೆ 'ಖ್ಯಾತ ಕ್ರೀಡಾಪಟು' ಎಂದು ಅಚ್ಚು ಹಾಕಿಸಿದ್ದರು. ನಾನು ಸಂವಹನ ವಿಭಾಗದ ಪ್ರಾಧ್ಯಾಪಕಿ. ಹೆಣ್ಣುಮಕ್ಕಳ ಆಟವನ್ನು ಪತ್ರಿಕೆಗಳು ಯಾವ ಕಣ್ಣಿನಿಂದ ನೋಡುತ್ತವೆ ಎಂದು ಅಧ್ಯಯನ ಮಾಡುವುದು ನನ್ನ ಕಸುಬು. ಈ ಜನ್ಮದಲ್ಲಿ ನಾನು ಓಡಿದ್ದೇನಾದರೂ ಇದ್ದರೆ ಬಸ್ಸು ಹಿಡಿಯಲಿಕ್ಕೆ ಮಾತ್ರ. ಫೋನ್ ಮಾಡಿ ಕೇಳಿದರೆ, ಕ್ರೀಡೆ ಅಂತ ಇತ್ತಲ್ಲ ಮೇಡಂ, ಅದಕ್ಕೇ ಹಾಕಿಸಿದ್ವಿ, ಏನೂ ತಿಳ್ಕೋಬೇಡಿ ಎಂದರು. ತಿಳಿದುಕೊಳ್ಳುವುದೇನಿದೆ? ಅವರು ಏನೂ ಓದುವುದಿಲ್ಲ ಎಂಬುದು ನನಗೆ ಮೊದಲೇ ತಿಳಿದಿತ್ತು.

ಆದರೂ ಹೋದೆ. ದಾರಿಯಲ್ಲಿ ಶಿಡ್ಲಘಟ್ಟ ಬಂತು. ಊರೊಳಗೆ ಕಾರು ನಿಧಾನ ಆಗುತ್ತಿದ್ದಂತೆ ನೂಲು ಬಿಚ್ಚುವ ಮನೆಗಳಲ್ಲಿ ರೇಷ್ಮೆಗೂಡು ಬೇಯುವ ವಾಸನೆ ನುಗ್ಗಿತು. ಡ್ರೈವರ್ ಮೂಗು ಮುಚ್ಚಿಕೊಂಡು ಕಿಟಕಿ ಏರಿಸಿದ. ನಾನು ಇಳಿಸಿದೆ. ಪ್ರೀತಿಯಿಂದಲ್ಲ. ಆ ವಾಸನೆ ಬಂದರೆ ನನಗೆ ಒಂದು ವರ್ಷ ನೆನಪಾಗುತ್ತದೆ, ಆ ವರ್ಷ ನೆನಪಾದರೆ ಕೋಪ ಬರುತ್ತದೆ, ಆ ಕೋಪ ಆರದಂತೆ ಇಟ್ಟುಕೊಳ್ಳುವುದು ನನಗೆ ಒಳ್ಳೆಯದು.

ಅದು ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ ವರ್ಷ. ನಾನಾಗ ಶಿಡ್ಲಘಟ್ಟದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುತ್ತಿದ್ದೆ, ಜೊತೆಗೆ ಪಿಎಚ್.ಡಿ.ಗೆ ಸೇರಿಕೊಂಡಿದ್ದೆ. ವಿಷಯ ಹೇಳಿದರೆ ಸ್ಟಾಫ್ ರೂಮಿನಲ್ಲಿ ನಗು. ಪತ್ರಿಕೆ, ಹೆಣ್ಣು, ಆಟ, ಮೂರನ್ನೂ ಒಟ್ಟಿಗೆ ಕಟ್ಟಿದ್ದೀರಲ್ಲಮ್ಮ, ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅಂತಾರೆ, ಮೂರೂ ಹಿಡಿದವರು ಏನಾಗ್ತಾರೋ ಎಂದು ಪ್ರಿನ್ಸಿಪಾಲರು ತಾವೇ ಹೇಳಿ ತಾವೇ ನಕ್ಕರು. ಸುತ್ತ ಇದ್ದವರೂ ನಕ್ಕರು. ಪ್ರಿನ್ಸಿಪಾಲರ ಹಾಸ್ಯಕ್ಕೆ ನಗುವುದು ಅಲ್ಲಿ ಕೆಲಸದ ಒಂದು ಭಾಗ. ಯಾವ ಪತ್ರಿಕೆಯೂ ಹೆಣ್ಣುಮಕ್ಕಳನ್ನು ಆಟಗಾರರು ಎಂದು ಬರೆಯುತ್ತಿರಲಿಲ್ಲ ಎಂಬುದನ್ನು ನಾನು ಅಷ್ಟರಲ್ಲೇ ಗಮನಿಸಿದ್ದೆ. ಹುಡುಗರು ಗೆದ್ದರೆ 'ತಂಡಕ್ಕೆ ಭರ್ಜರಿ ಜಯ'. ಹುಡುಗಿಯರು ಗೆದ್ದರೆ 'ಮಿಂಚಿದ ಬಾಲೆಯರು', 'ಸೌಟು ಹಿಡಿದ ಕೈಗೆ ಕಪ್'. ಆ ಹುಡುಗಿಯರಲ್ಲಿ ಅರ್ಧ ಜನಕ್ಕೆ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ.

ಇಂಥ ತಲೆಬರಹಗಳ ಕಾರ್ಖಾನೆ ನಮ್ಮೂರಲ್ಲೇ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮೂರ್ತಿ ಒಂದು ಪತ್ರಿಕೆಗೆ ತಾಲ್ಲೂಕು ವರದಿಗಾರನೂ ಹೌದು, ಏಜೆಂಟನೂ ಹೌದು, ಜಾಹೀರಾತು ತರುವವನೂ ಹೌದು. ಆಟದ ಮೈದಾನಕ್ಕೆ ಅವನು ಬರುತ್ತಿದ್ದುದು ಉದ್ಘಾಟನೆಗೆ ಮಾತ್ರ. ಅತಿಥಿಗಳು ಪಂಚೆ ಎತ್ತಿ ಕಟ್ಟಿ ಕಬಡ್ಡಿ ಅಂಕಣದಲ್ಲಿ ಎರಡು ಹೆಜ್ಜೆ ಹಾಕಿದಂತೆ ನಟಿಸುತ್ತಿದ್ದರು, ಮೂರ್ತಿ ಫೋಟೋ ಹೊಡೆದುಕೊಂಡು ಬೋಂಡಾ ತಿಂದು ಹೊರಡುತ್ತಿದ್ದ. ಪಂದ್ಯದ ವರದಿಯನ್ನು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾದ ರಾಮಾಂಜಿನಪ್ಪ, ಎಲ್ಲರ ಬಾಯಲ್ಲೂ ಪೀಡಿ ಸರ್, ಹಿಂದಿನ ದಿನವೇ ಬರೆದು ಕೊಡುತ್ತಿದ್ದರು. 'ಜಿದ್ದಾಜಿದ್ದಿನ ಹಣಾಹಣಿಯಲ್ಲಿ' ಎಂದು ಶುರು, ಗೆದ್ದವರ ಜಾಗ ಖಾಲಿ. ಸಂಜೆ ಫೋನಿನಲ್ಲಿ ಖಾಲಿ ತುಂಬಿಸುತ್ತಿದ್ದರು. ಇದು ಯಾರಿಗೂ ನಾಚಿಕೆಯ ವಿಷಯ ಆಗಿರಲಿಲ್ಲ. ಕಾಪಿ ನೀಟಾಗಿ ಬರ್ತದೆ ಮೇಡಂ ಎಂದು ಮೂರ್ತಿ ನನಗೇ ಹೆಮ್ಮೆಯಿಂದ ಹೇಳಿದ್ದ.

ನಮ್ಮ ಕಬಡ್ಡಿ ತಂಡದಲ್ಲಿ ಗಂಗರತ್ನ ಎಂಬ ಹುಡುಗಿ ಇದ್ದಳು. ಸಾದಲಿ ಕಡೆಯ ಹಳ್ಳಿಯವಳು, ಎರಡನೇ ಬಿ.ಎ. ನನ್ನ ಕ್ಲಾಸಿನಲ್ಲಿ ಕೊನೇ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದಳು. ಅಂಕಣಕ್ಕೆ ಇಳಿದರೆ ಬೇರೆ ಹುಡುಗಿ. ಬಾಯಲ್ಲಿ ಕಬಡ್ಡಿ ಕಬಡ್ಡಿ ಎನ್ನುವುದು ಅಂಪೈರಿಗೆ ಕೇಳಿಸುವಷ್ಟೇ. ಉಳಿದ ಉಸಿರೆಲ್ಲ ಕಾಲಿಗೆ. ಎದುರು ತಂಡದ ಮೂವರು ಕೈಕೈ ಹಿಡಿದು ನಿಂತಿದ್ದರೆ ಅವಳು ಅವರ ಕೈಗಳ ಕೆಳಗೆ ಬಗ್ಗಿ, ಹಿಂದಿನವಳ ಪಾದ ಮುಟ್ಟಿ, ಅವರು ತಿರುಗುವಷ್ಟರಲ್ಲಿ ಗೆರೆ ದಾಟಿರುತ್ತಿದ್ದಳು. ಗೆರೆ ದಾಟಿದ ಮೇಲೆ ನಗುತ್ತಲೂ ಇರಲಿಲ್ಲ, ಬಟ್ಟೆ ಕೊಡವಿಕೊಳ್ಳುತ್ತಿದ್ದಳು.

ಅವಳ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳಕ್ಕೆ ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಬಿಡುವುದು. ನಾಲ್ಕನೇ ಜ್ವರ ಎದ್ದ ಮೇಲೆ ಅದು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ. ಆ ವಾರ ಮನೆಯಿಂದ ಯಾರೂ ಕದಲುವಂತಿಲ್ಲ, ಮದುವೆಯಿರಲಿ ಮುಂಜಿಯಿರಲಿ. ಒಬ್ಬರಿಗೆ ಮಾತ್ರ ರಜ. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ದಾಟಿದರೆ ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ಬೆಳೆ ಹಾಳಾಗುತ್ತದೆ ಎಂದು ಆ ಮನೆ ಆಳುತ್ತಿದ್ದ ಅಜ್ಜಿಯ ಖಚಿತ ನಂಬಿಕೆ. ಮೂರು ದಿನ ಜಗಲಿಯಲ್ಲಿ ಚಾಪೆ, ಬೇರೆ ಲೋಟ. ಮನೆಯಲ್ಲಿದ್ದು ಉಪಯೋಗವಿಲ್ಲ, ಕಾಲೇಜಿಗಾದರೂ ಹೋಗು ಎಂದು ಬಿಡುತ್ತಿದ್ದರು.

ಈ ಹುಡುಗಿ ಅದನ್ನೇ ಹಿಡಿದುಕೊಂಡಳು. ಟೂರ್ನಮೆಂಟ್ ಇದ್ದಾಗಲೆಲ್ಲ ಹೊರಗಾಗುತ್ತಿದ್ದಳು. ಗೌರಿಬಿದನೂರಲ್ಲಿ ಪಂದ್ಯ ಇದ್ದರೆ ಹೊರಗೆ, ಮಂಚೇನಹಳ್ಳಿಯಲ್ಲಿ ಅಭ್ಯಾಸ ಪಂದ್ಯ ಇದ್ದರೆ ಮತ್ತೆ ಹೊರಗೆ. ಒಂದು ದಿನ ಅವಳೇ ನನಗೆ ಹೇಳಿದಳು, ಗುಟ್ಟು ಹೇಳುವ ಹಾಗಲ್ಲ, ಬಸ್ ಟೈಮ್ ಹೇಳುವ ಹಾಗೆ. ಅಜ್ಜಿ ಗಾಬರಿಯಾಗಿ, ಈ ಹುಡುಗಿಯ ಮೈ ಕೆಟ್ಟಿದೆ ಎಂದು ನಾಟಿ ಕಷಾಯ ಮಾಡಿಸಿ ಬೆಳಿಗ್ಗೆ ಬೆಳಿಗ್ಗೆ ಕುಡಿಸುತ್ತಿದ್ದಳಂತೆ. ಬೇವಿಗಿಂತ ಕಹಿ ಮೇಡಂ, ಆದ್ರೆ ಕುಡಿದ್ರೆ ಮ್ಯಾಚ್ ಸಿಕ್ತದಲ್ಲ ಎಂದಳು. ನಾನು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡೆ. ನನ್ನ ಗೈಡು ಓದಲು ಕೊಟ್ಟಿದ್ದ ದಪ್ಪ ದಪ್ಪ ಪುಸ್ತಕಗಳಲ್ಲಿ ಪ್ರತಿರೋಧ ಎಂಬ ಮಾತು ಪುಟಕ್ಕೆ ಹತ್ತು ಸಲ ಬರುತ್ತಿತ್ತು. ಅದನ್ನು ಬರೆದ ಒಬ್ಬರೂ ಕಷಾಯ ಕುಡಿದ ಹಾಗೆ ಕಾಣಲಿಲ್ಲ.

ಹೊಸ ಜಿಲ್ಲೆಗೆ ಹೊಸ ತಂಡ ಬೇಕಾಯಿತು. ಚಿಕ್ಕಬಳ್ಳಾಪುರದಲ್ಲಿ ಪಂದ್ಯಾವಳಿ ನಡೆಸಿ, ಗೆದ್ದ ತಂಡವನ್ನೇ ರಾಜ್ಯ ಮಟ್ಟಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಶನಿವಾರ ಫೈನಲ್ ಬಂದಾಗ ರತ್ನಳ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು, ರತ್ನ ಹೊರಗಾಗಿದ್ದಳು. ಚಿಂತಾಮಣಿ ತಂಡದ ಎದುರು ಕೊನೆಯ ರೈಡ್ ಅವಳದೇ. ನಾವು ಒಂದು ಅಂಕ ಹಿಂದೆ. ಹೋದಳು, ಬಗ್ಗಿದಳು, ಇಬ್ಬರನ್ನು ಮುಟ್ಟಿ ಬಂದಳು. ನಾನು ಮೇಡಂ ಎಂಬುದನ್ನು ಮರೆತು ಪೆಂಡಾಲಿನ ಕುರ್ಚಿ ಮೇಲೆ ಹತ್ತಿ ಕೂಗಿದೆ. ಗಣ್ಯರ ಸಾಲಿನಲ್ಲಿ ಯಾರೂ ನೋಡುತ್ತಿರಲಿಲ್ಲ, ಅವರಿಗೆ ಆಗ ಎಳನೀರು ಬಂದಿತ್ತು.

ಗೆದ್ದದ್ದು ಆಯಿತು, ಕಷ್ಟ ಆಮೇಲೆ. ರಾಜ್ಯ ಮಟ್ಟಕ್ಕೆ ಮುಂಚೆ ಬೇರೆ ಊರಿನಲ್ಲಿ ತರಬೇತಿ ಶಿಬಿರ, ಮಂಗಳವಾರ ಹೊರಡಬೇಕು. ಜಗಲಿಯ ಮೂರು ದಿನದ ಉಪಾಯ ಅಷ್ಟು ದಿನಕ್ಕೆ ಸಾಲುವುದಿಲ್ಲ. ಮನೆಯವರ ಒಪ್ಪಿಗೆ ಬೇಕೇ ಬೇಕು. ಅಜ್ಜಿ ಒಂದೇ ಮಾತಿನಲ್ಲಿ ಇಲ್ಲ ಎಂದಿದ್ದಳು. ಅಪ್ಪ ಮುನಿಯಪ್ಪ ಅಷ್ಟು ಗಟ್ಟಿಯಲ್ಲ. ಪೇಪರ್‌ನಲ್ಲಿ ಬರಲಿ, ಆಮೇಲೆ ನೋಡಣ ಎಂದಿದ್ದನಂತೆ. ಪೀಡಿ ಸರ್‌ಗೆ ಅಷ್ಟೇ ಸಾಕಾಯಿತು. ಒಂದು ಫೋಟೋ ಬರಲಿ ಮೇಡಂ, ಎಂಥಾ ಹಿರೀಕರೂ ಬೆಣ್ಣೆ ಥರ ಕರಗ್ತಾರೆ, ಎಷ್ಟು ಮನೆ ನೋಡಿಲ್ಲ ನಾನು ಎಂದು ಮೂರ್ತಿಗೆ ಫೋನ್ ಮಾಡಿದರು. ಆ ಹುಡುಗಿ ಇನ್ನು ಮುಂದೆ ಆಡುವುದೋ ಬಿಡುವುದೋ ಎಂಬುದು ಜೆರಾಕ್ಸ್ ಅಂಗಡಿಯವನ ಕೈಗೆ ಹೋಗಿ ಬಿತ್ತು.

ಮೈದಾನದಲ್ಲಿ ಪೀಡಿ ಸರ್ ತಮ್ಮ ಕ್ಯಾಮೆರಾದಲ್ಲಿ ತೆಗೆದ ಒಳ್ಳೆಯ ಚಿತ್ರ ಇತ್ತು. ರತ್ನ ಗೆರೆಯತ್ತ ಕೈ ಚಾಚಿ ಬೀಳುತ್ತಿದ್ದಾಳೆ, ಇಬ್ಬರು ಅವಳ ಸೊಂಟ ಹಿಡಿದಿದ್ದಾರೆ. ಇದನ್ನು ಹಾಕಿ ಎಂದೆ. ಮೂರ್ತಿ ಅದನ್ನು ಒಂದು ಕ್ಷಣ ನೋಡಿ, ಯಾರೋ ಕೊಳಕು ತಟ್ಟೆ ಕೊಟ್ಟ ಹಾಗೆ ವಾಪಸು ಕೊಟ್ಟ. ಚಡ್ಡಿ ಹಾಕಿದಾಳೆ ಮೇಡಂ, ನಮ್ಮದು ಫ್ಯಾಮಿಲಿ ಪೇಪರ್ರು ಎಂದ. ಅದೇ ಫ್ಯಾಮಿಲಿ ಪೇಪರಿನ ಶುಕ್ರವಾರದ ಸಿನಿಮಾ ಪುಟದಲ್ಲಿ ಇರುವ ಬಟ್ಟೆಯನ್ನೆಲ್ಲ ಒಟ್ಟು ಮಾಡಿದರೆ ಒಂದು ಕರ್ಚೀಫು ಆಗುತ್ತಿರಲಿಲ್ಲ. ಹೇಳಿದೆ. ಅದು ಬೇರೆ ಡೆಸ್ಕು ಮೇಡಂ ಎಂದ. ಅವನಿಗೆ ಬೇಕಾಗಿದ್ದುದು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿರುವ ಹುಡುಗಿ. ಹುಳದ ತಟ್ಟೆಗಳ ಕೆಳಗೆ ಬಗ್ಗೀ ಬಗ್ಗೀನೇ ಇವಳಿಗೆ ಕಬಡ್ಡಿ ಬಂದಿದೆ ಎಂದು ಬರೆಯುತ್ತೇನೆ, ಓದುಗರಿಗೆ ಹೃದಯಕ್ಕೆ ತಟ್ಟುತ್ತದೆ ಎಂದ. ಶುದ್ಧ ಸುಳ್ಳು. ಅವಳಿಗೆ ಕಬಡ್ಡಿ ಬಂದಿದ್ದು ದಿನಾ ಸಂಜೆ ಮಂಡಿ ಕಿತ್ತುಕೊಂಡು ಅಭ್ಯಾಸ ಮಾಡಿ. ಆದರೆ ಹೆಣ್ಣು ಏನು ಸಾಧಿಸಿದರೂ ಅದರ ಬೇರು ಒಲೆಯ ಹತ್ತಿರವೋ ತೊಟ್ಟಿಲ ಹತ್ತಿರವೋ ಸಿಗಲೇಬೇಕು. ಸಿಗದಿದ್ದರೆ ಇವರೇ ಅಲ್ಲಿ ನೆಟ್ಟು ಬರುತ್ತಾರೆ.

ಭಾನುವಾರ ಬೆಳಿಗ್ಗೆ ಮೂರ್ತಿಯ ಜೊತೆ ನಾನೂ ಹೊರಟೆ, ಹೆಸರನ್ನಾದರೂ ಸರಿಯಾಗಿ ಬರೆಯಲಿ ಎಂದು. ಮುನಿಯಪ್ಪ ತಲೆಗೆ ಎಣ್ಣೆ ಹಚ್ಚಿ, ಬಿಳಿ ಶರಟು ಹಾಕಿ ಕಾಯುತ್ತಿದ್ದ. ರತ್ನ ಜಗಲಿಯಲ್ಲಿ ಚಾಪೆ ಮೇಲೆ ಕೂತಿದ್ದಳು. ಅಜ್ಜಿ ಹುಳದ ಮನೆಯ ಬಾಗಿಲಲ್ಲಿ ಸೊಪ್ಪು ಒದ್ದೆಯಿದೆಯೋ ಎಂದು ಮುಟ್ಟಿ ನೋಡುತ್ತ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಯಾರನ್ನೋ ಬೈಯುತ್ತಿದ್ದಳು. ಒಳಗೆ ರತ್ನಳ ಅತ್ತಿಗೆ ಶೋಭಾ ಮಂಕರಿ ಬುಟ್ಟಿಯಿಂದ ಸೊಪ್ಪು ಹಾಕುತ್ತಿದ್ದಳು. ಆ ವರ್ಷವೇ ಮದುವೆಯಾಗಿ ಬಂದವಳು, ಮುಡಿಯ ತುಂಬ ಹೂವು, ಹಸಿರು ಸೀರೆ.

ಮೂರ್ತಿ ಕ್ಯಾಮೆರಾ ತೆಗೆದು, ಹುಳದ ಮನೆಯ ಒಳಗೆ ಕೈ ತೋರಿಸಿದ.

"ಒಳಗೆ ಬಾಮ್ಮ, ಮಂಕರಿ ಹಿಡ್ಕೊಂಡು ಸುಮ್ನೆ ಒಂದು ನಗು ನಗು. ಒಂದೇ ಒಂದು ಫೋಟೋ."

ರತ್ನ ಏಳಲಿಲ್ಲ. ಒಳಗೆ ಕಾಲಿಟ್ಟರೆ ಅಜ್ಜಿಯ ಕಣ್ಣೆದುರೇ ಹುಳ ಕೆಡಿಸಿದ ಪಾಪ. ಇಲ್ಲ, ನಾನು ಹೊರಗಾಗೇ ಇಲ್ಲ ಎಂದರೆ ವರ್ಷವಿಡೀ ಆಡಿದ ಸುಳ್ಳೆಲ್ಲ ಹೊರಬಿದ್ದು, ಶಿಬಿರ ಇರಲಿ, ಕಾಲೇಜೂ ಬಂದ್. ಒಳಗೆ ಹೋಗದಿದ್ದರೆ ಫೋಟೋ ಇಲ್ಲ, ಅಪ್ಪನ ಒಪ್ಪಿಗೆ ಇಲ್ಲ. ಮೂರ್ತಿ ಮಾತ್ರ ಟೈಮ್ ಆಗ್ತಿದೆ, ಬಾಮ್ಮ ಬಾಮ್ಮ ಎನ್ನುತ್ತಲೇ ಇದ್ದ. ಕೊನೆಗೆ ಅವಳು ನೆಲ ನೋಡಿಕೊಂಡು, ನಾನು ಹೊರಗಿದೀನಿ, ಬರಂಗಿಲ್ಲ ಎಂದಳು. ಅಪರಿಚಿತ ಗಂಡಸಿನ ಎದುರು ಆ ಮಾತು ಹೇಳಬೇಕಾಯಿತು ಅವಳಿಗೆ. ಮೂರ್ತಿ ಹಿಹಿ ಎಂದು ನಕ್ಕು, ಫೋಟೋಗೆ ಅದೆಲ್ಲ ಕಾಣಲ್ಲ, ಒಂದು ನಿಮಿಷ ಎಂದ. ಅಜ್ಜಿ ಬಾಗಿಲಿಗೆ ಅಡ್ಡ ಬಂದು ನಿಂತಳು.

ಅಂಗಳದಲ್ಲೇ ತೆಗೀರಿ ಎಂದು ನಾನು ಗದರಿದೆ. ತೆಗೆದ, ಬೇಕೋ ಬೇಡವೋ ಎಂಬಂತೆ. ಫೀಲ್ ಇಲ್ಲ ಎಂದು ಗೊಣಗಿದ. ಮನೆಯವರದ್ದೂ ಒಂದು ಇರಲಿ ಎಂದು ಬಾಗಿಲಾಚೆಯಿಂದಲೇ ಶೋಭಾಳನ್ನು ಮಂಕರಿ ಎತ್ತಿ ಹಿಡಿಯಲು ಹೇಳಿ ಎರಡು ಮೂರು ಹೊಡೆದುಕೊಂಡ. ಅವಳು ನಾಚಿಕೊಂಡು ಚೆನ್ನಾಗಿ ನಕ್ಕಳು. ಮುನಿಯಪ್ಪನ ಬಿಳಿ ಶರಟಿಗೆ ಕೆಲಸ ಬೀಳಲಿಲ್ಲ.

ಸೋಮವಾರ ಪೇಪರ್ ಬಂತು. ಒಳಪುಟದಲ್ಲಿ ಅಂಗೈಯಗಲ ಚಿತ್ರ: ಹಸಿರು ಸೀರೆಯುಟ್ಟ, ಹೂ ಮುಡಿದ ಶೋಭಾ, ತಲೆಯ ಮಟ್ಟಕ್ಕೆ ಸೊಪ್ಪಿನ ಮಂಕರಿ. ಕೆಳಗೆ 'ರೇಷ್ಮೆ ಸಾಕುವ ಕೋಮಲ ಕೈಗೆ ಕಬಡ್ಡಿ ಕಿರೀಟ: ಚಾಂಪಿಯನ್ ಗಂಗರತ್ನ'. ಮೇಲೆ ಬಗ್ಗಿ ಬಗ್ಗಿ ಕಬಡ್ಡಿ ಕಲಿತ ಕಥೆ. ಕೊನೆಯ ರೈಡ್ ಬಗ್ಗೆ ಒಂದಕ್ಷರ ಇರಲಿಲ್ಲ. ಅತಿಥಿಗಳ ಹೆಸರು ಪೂರ್ತಿ ಇತ್ತು, ಇನಿಷಿಯಲ್ ಸಮೇತ.

ನಾನು ನೇರ ಜೆರಾಕ್ಸ್ ಅಂಗಡಿಗೆ ಹೋದೆ. ಇಪ್ಪತ್ತು ವರ್ಷದ ನನ್ನ ಬರಹಕ್ಕೆಲ್ಲ ಸಾಕಾಗುವಷ್ಟು ತಿರಸ್ಕಾರ ಆ ಅಂಗಡಿಯ ಕೌಂಟರ್ ಮುಂದೆ ಐದು ನಿಮಿಷದಲ್ಲಿ ಶೇಖರವಾಯಿತು. ಅದು ಆಟಗಾರ್ತಿ ಅಲ್ಲ, ಅವಳ ಅತ್ತಿಗೆ, ಜೀವಮಾನದಲ್ಲಿ ಕಬಡ್ಡಿ ಆಡಿದವಳಲ್ಲ ಎಂದೆ. ಗೊತ್ತು ಮೇಡಂ ಎಂದ. ಗೊತ್ತು! ತಿಳಿಯದೆ ಮಾಡಿದ್ದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಆ ಹುಡುಗಿ ಫೋಟೋ ಸಪ್ಪೆ ಇತ್ತು, ಡೆಸ್ಕಿನವರು ಇದನ್ನೇ ಕೇಳಿದ್ರು, ಒಂದೇ ಮನೆಯವರಲ್ವಾ, ನ್ಯೂಸ್‌ಪ್ರಿಂಟಲ್ಲಿ ಯಾರು ಗುರುತು ಹಿಡೀತಾರೆ ಎಂದು ಮೆಷಿನ್ನಿಗೆ ಪೇಪರ್ ತುಂಬತೊಡಗಿದ. ಹುಡುಗರ ಕ್ರಿಕೆಟ್ ತಂಡದ ಕ್ಯಾಪ್ಟನ್ ಬದಲು ಅವನ ಭಾವನ ಫೋಟೋ ಹಾಕಿದ್ದರೆ ಊರಲ್ಲಿ ಬಂದ್ ಆಗುತ್ತಿತ್ತು.

ಅಲ್ಲಿಂದ ಬಸ್ಸು ಹಿಡಿದು ಹಳ್ಳಿಗೆ ಹೋದೆ. ಮನೆಯವರು ಸಿಟ್ಟಾಗಿರುತ್ತಾರೆ, ಆ ಸಿಟ್ಟನ್ನೇ ಹಿಡಿದು ಮಾತಾಡಬಹುದು, ಮಗಳಿಗೆ ಆದ ಅನ್ಯಾಯ ನೋಡಿ ಅಪ್ಪನಾದರೂ ಶಿಬಿರಕ್ಕೆ ಹೋಗಿ ಬರಲಿ ಎಂದಾನು ಎಂದುಕೊಂಡಿದ್ದೆ. ಅಂಗಳಕ್ಕೆ ಕಾಲಿಟ್ಟರೆ ಮುನಿಯಪ್ಪ ಅಕ್ಕಪಕ್ಕದ ಮನೆಯವರಿಗೆ ಪೇಪರ್ ತೋರಿಸುತ್ತಿದ್ದಾನೆ. ಮುಖದ ತುಂಬ ನಗು. ನನಗೆ ಕುರ್ಚಿ ಹಾಕಿಸಿ, ಕಾಫಿ ತರಿಸಿದ. ಶೋಭಾ ಬಾಗಿಲ ಸಂದಿಯಿಂದ ನೋಡಿ ಒಳಗೆ ಓಡಿದಳು. ರತ್ನ ಅದೇ ಜಗಲಿ, ಅದೇ ಚಾಪೆ. ಮೂರನೇ ದಿನ. ಪಕ್ಕದಲ್ಲಿ ಶಿಬಿರಕ್ಕೆಂದು ಕಟ್ಟಿದ ಬ್ಯಾಗು. ಆಸೆ ಬಿಟ್ಟಿರಲಿಲ್ಲ ಹುಡುಗಿ.

ನಾನು ಆದಷ್ಟು ಮೆತ್ತಗೆ ಶುರು ಮಾಡಿದೆ. ಪೇಪರ್‌ನವರು ತಪ್ಪು ಮಾಡಿದ್ದಾರೆ, ಅದು ರತ್ನ ಅಲ್ಲ, ನಾಳೆ ಬಸ್ಸು ಹೊರಡುತ್ತದೆ, ಇಡೀ ಜಿಲ್ಲೆಯಲ್ಲಿ ಇವಳ ಹಾಗೆ ಆಡುವವರಿಲ್ಲ, ಜೊತೆಗೆ ಲೇಡಿ ಮೇಡಂ ಒಬ್ಬರು ಇರುತ್ತಾರೆ, ಬೇಕಾದರೆ ನಾನೇ ಹೋಗುತ್ತೇನೆ ಎಂದೆ. ಹುಳಕ್ಕೆ ಕೈ ಸಾಲದಿದ್ದರೆ ಕಾಲೇಜಿನ ನಾಲ್ಕು ಹುಡುಗಿಯರನ್ನು ಸೊಪ್ಪು ಕೊಯ್ಯಲಿಕ್ಕೆ ಕಳಿಸುತ್ತೇನೆ ಎಂದೂ ಹೇಳಿದೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಸಿಟ್ಟಿರಲಿಲ್ಲ. ದಡ್ಡ ಮಗುವಿಗೆ ತಿಳಿಹೇಳುವ ಹಾಗೆ ಮಾತಾಡಿದಳು.

"ಅದು ನಮ್ಮ ಹುಡುಗಿ ಅಲ್ಲ ಅಂತ ನಂಗೊತ್ತಿಲ್ವಾ ಮೇಡಮ್ಮ? ಒಳ್ಳೇದೇ ಆಯ್ತು ಬಿಡು. ಮದುವೆ ಆಗಬೇಕಾದ ಹುಡುಗಿ ಮುಖ ಪೇಪರ್‌ನಲ್ಲಿ ಯಾಕೆ? ಮನೆ ಹೆಸರು ಬಂತು, ಸಾದಲಿ ಎಲ್ಲಾ ನೋಡ್ತು. ಇನ್ನು ಇವಳು ಅಲ್ಲಿಗೆ ಹೋಗಿ ಮಾಡೋದೇನೈತೆ?"

ಮುನಿಯಪ್ಪನ ಕಡೆ ತಿರುಗಿದೆ. ಅವನು ಪೇಪರನ್ನು ಮಡಿಕೆ ಕೆಡದಂತೆ ಮಡಿಸುತ್ತಿದ್ದ. ಬಂತಲ್ಲ ಮೇಡಂ, ಸಾಕು ಎಂದ. ಕೆಟ್ಟವನಲ್ಲ ಅವನು. ಮಗಳಿಂದ ಅವನಿಗೆ ಬೇಕಾಗಿದ್ದುದು ಸಿಕ್ಕಿಬಿಟ್ಟಿತ್ತು, ಅದಕ್ಕೆ ಮಗಳು ಬೇಕಾಗಿರಲಿಲ್ಲ, ಅಷ್ಟೆ. ಇವರೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೆನ್ನೆಗೆ ಬಾರಿಸಬೇಕು ಎನಿಸಿತು. ಮೂರ್ತಿ, ಅವನ ಡೆಸ್ಕು, ಬೆಣ್ಣೆ ಕರಗಿಸುವ ಪೀಡಿ ಸರ್, ಎಳನೀರು ಕುಡಿದ ಗಣ್ಯರು. ಯಾರೊಬ್ಬರೂ ಅಲ್ಲಿರಲಿಲ್ಲ. ಇದ್ದದ್ದು ಸೊಪ್ಪು ಮುಟ್ಟಿ ನೋಡುವ ಮುದುಕಿ.

ರತ್ನ ಎದ್ದಳು. ಅಳುತ್ತಿರಲಿಲ್ಲ. ಬ್ಯಾಗನ್ನು ಗೋಡೆ ಕಡೆ ತಳ್ಳಿ, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ತೊಟ್ಟಿಯ ನೀರಲ್ಲಿ ಕೈ ತೊಳೆದಳು. ಅಜ್ಜಿಯ ಪಕ್ಕದಲ್ಲೇ ಹಾದು ಹುಳದ ಮನೆಯ ಹೊಸ್ತಿಲು ದಾಟಿದಳು. ಶೋಭಾಳ ಕೈಯಿಂದ ಮಂಕರಿ ತೆಗೆದುಕೊಂಡು ಮೊದಲನೇ ತಟ್ಟೆಗೆ ಸೊಪ್ಪು ಹರಡಿದಳು. ಅಜ್ಜಿಯ ಕೈ ಎದೆಗೆ ಹೋಯಿತು, ಬಾಯಿ ತೆರೆಯಿತು, ಮನೆಯವಳಲ್ಲದ ನನ್ನನ್ನು ನೋಡಿ ಮುಚ್ಚಿತು. ಮುನಿಯಪ್ಪ ಎದ್ದು ನಿಂತ.

ರತ್ನ ತಿರುಗಿ ನೋಡದೆ, ಎರಡನೇ ತಟ್ಟೆಗೆ ಸೊಪ್ಪು ಹಾಕುತ್ತ ಹೇಳಿದಳು:

"ನಾನು ಹೊರಗಾಗಿರಲಿಲ್ಲ ಅಜ್ಜಿ. ಫೈನಲ್ ಇತ್ತು."